ಮೇಲಿನಿಂದ ಹಗ್ಗ ಎಳೆಯುವುದು: ಝಡ್ ಎಳೆತದಲ್ಲಿ 'ಮೂರು' ಎಲ್ಲಿಂದ ಬರುತ್ತದೆ?

ಹಾಸನದಲ್ಲಿ ನನ್ನ ಹಾಗೆ ಬಂಡೆ ಹತ್ತುವುದನ್ನು ಈಗಷ್ಟೇ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಆ್ಯಂಕರ್ (ಬಂಡೆಗೆ ಭದ್ರ ಮಾಡಿದ, ಭಾರ ಹೊರುವ ಆಸರೆ) ಕಟ್ಟುವುದು, ಗೈಡ್ ಮೋಡ್‌ನಲ್ಲಿ ಬಿಲೇ ಕೊಡುವುದು (ಸಾಧನವನ್ನು ಆ್ಯಂಕರ್‌ಗೇ ಸಿಕ್ಕಿಸಿ, ಭಾರ ಬಿದ್ದರೆ ಅದೇ ಹಗ್ಗ ಹಿಡಿದುಕೊಳ್ಳುವಂತೆ ಹತ್ತುವವರ ಹಗ್ಗ ಕಾಯುವುದು) ನಿಮಗೆ ಬರುತ್ತದೆ ಅಂದುಕೊಂಡೇ ಬರೆಯುತ್ತಿದ್ದೇನೆ. ನೀವು ಮೇಲೆ ಇದ್ದೀರಿ. ಬಿಲೇ ಸಾಧನ ಆ್ಯಂಕರ್‌ನಲ್ಲಿ ನೇತಾಡುತ್ತಿದೆ. ಕೆಳಗಿನಿಂದ ಹತ್ತಿ ಬರುತ್ತಿರುವವರು ಒಂದು ಕಷ್ಟದ ಜಾಗದಲ್ಲಿ ಸಿಕ್ಕಿಕೊಂಡಿದ್ದಾರೆ, ಕೈ ಸೋತಿದೆ. ಅವರನ್ನು ಒಂದೆರಡು ಮೀಟರ್ ಮೇಲಕ್ಕೆ ತರಬೇಕು.

ಮೊದಲು ಸುಮ್ನೆ ಹಗ್ಗ ಬಿಗಿ ಮಾಡಿ. ಅವರು ಕಾಲು ಒತ್ತಿ ಏಳುವ ಕ್ಷಣಕ್ಕೆ ಸರಿಯಾಗಿ ನೀವು ಎಳೆದುಕೊಂಡರೆ ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಆಗಿಹೋಗುತ್ತದೆ. ಅದು ಸಾಲದಿದ್ದರೆ ಮಾತ್ರ ಮುಂದಿನದು: ಹಗ್ಗವನ್ನು ಇಂಗ್ಲಿಷಿನ Z ಅಕ್ಷರದ ಹಾಗೆ ಮಡಚಿ ಎಳೆಯುವ ಝಡ್ ಎಳೆತ.

ಝಡ್ ಎಳೆತ

ಬ್ರೇಕ್ ಹಗ್ಗದಲ್ಲಿ (ಸಾಧನದಿಂದ ನಿಮ್ಮ ಕೈಗೆ ಬರುವ ಎಳೆಯಲ್ಲಿ), ಎಳೆಯಲು ಬೇಕಾದಷ್ಟು ಸಡಿಲು ಬಿಟ್ಟು, ಒಂದು ಎಂಟರ ಗಂಟು ಹಾಕಿ ಆ್ಯಂಕರ್‌ಗೆ ಸಿಕ್ಕಿಸಿ. ಇದಾಗದೆ ಬ್ರೇಕ್ ಹಗ್ಗದಿಂದ ಕೈ ತೆಗೆಯಬಾರದು. ಆಮೇಲೆ ಭಾರ ಹೊತ್ತ ಹಗ್ಗಕ್ಕೆ, ಕೈ ಚಾಚಿದರೆ ಸಿಗುವಷ್ಟು ಕೆಳಗೆ, ಪ್ರೂಸಿಕ್ ಸುತ್ತಿ. ಭಾರ ಬಿದ್ದಾಗ ಹಗ್ಗವನ್ನು ಕಚ್ಚಿ ಹಿಡಿಯುವ, ಭಾರ ಇಲ್ಲದಾಗ ಜಾರುವ ದಾರದ ಗಂಟು ಅದು. 10 ಮಿ.ಮೀ. ಹಗ್ಗಕ್ಕೆ 6 ಮಿ.ಮೀ. ದಾರ, ಮೂರು ಸುತ್ತು. ಪ್ರೂಸಿಕ್‌ಗೆ ಒಂದು ಕ್ಯಾರಬೈನರ್ (ತೆರೆದು ಮುಚ್ಚುವ ಲೋಹದ ಕೊಂಡಿ) ಹಾಕಿ, ಸಾಧನದಿಂದ ಹೊರಬರುವ ಬ್ರೇಕ್ ಹಗ್ಗವನ್ನು ಅದರೊಳಗೆ ಹಾಯಿಸಿ, ಮೇಲಕ್ಕೆ ಎಳೆಯಿರಿ. ಪ್ರೂಸಿಕ್ ಗಂಟು ಸಾಧನದ ಹತ್ತಿರ ಬಂದಾಗ ಎಳೆತವನ್ನು ನಿಧಾನಕ್ಕೆ ಸಡಿಲಿಸಿ. ಭಾರವನ್ನು ಸಾಧನವೇ ಹಿಡಿದುಕೊಳ್ಳುತ್ತದೆ. ಪ್ರೂಸಿಕ್ಕನ್ನು ಮತ್ತೆ ಕೆಳಗೆ ಜಾರಿಸಿ, ಮತ್ತೆ ಎಳೆಯಿರಿ.

ಕಟ್ಟುವುದು ಬೇಗ ಕೈಗೆ ಬಂತು. ನನಗೆ ತುಂಬ ಹೊತ್ತು ತಲೆಗೆ ಹತ್ತದಿದ್ದದ್ದು ಇದಕ್ಕೆ 'ಮೂರಕ್ಕೆ ಒಂದು' (ಕೈಯ ಎಳೆತದ ಮೂರು ಪಟ್ಟು ಭಾರ ಏಳುತ್ತದೆ) ಎಂದು ಯಾಕೆ ಹೇಳುತ್ತಾರೆ ಅನ್ನುವುದು. ಹಗ್ಗ ತಿರುಗುವ ಜಾಗ ಇರುವುದೇ ಎರಡು, ಅಲ್ವಾ? ಮತ್ತೆ ಮೂರು ಎಲ್ಲಿಂದ ಬಂತು?

ತಿರುವುಗಳನ್ನು ಎಣಿಸಬಾರದು, ಎಳೆತವನ್ನು ಎಣಿಸಬೇಕು. ಕೈಯಿಂದ ಶುರು ಮಾಡಿ. ನೀವು 20 ಕಿಲೋದಷ್ಟು ಎಳೆಯುತ್ತಿದ್ದೀರಿ ಅನ್ನೋಣ. ಒಂದೇ ಹಗ್ಗ, ಘರ್ಷಣೆ ಇಲ್ಲ ಎಂದಿಟ್ಟುಕೊಂಡರೆ ಅದರ ಉದ್ದಕ್ಕೂ ಅದೇ 20. ಪ್ರೂಸಿಕ್‌ನ ಕ್ಯಾರಬೈನರ್‌ಗೆ ಒಂದು ಕಡೆ 20, ತಿರುಗಿ ಹೋಗುವ ಕಡೆ ಇನ್ನೊಂದು 20. ಅಂದರೆ ಪ್ರೂಸಿಕ್ ಭಾರದ ಹಗ್ಗವನ್ನು 40 ಕಿಲೋದಷ್ಟು ಮೇಲಕ್ಕೆ ಎತ್ತುತ್ತಿದೆ. ಇಲ್ಲಿಗೆ ನಿಲ್ಲಿಸಿದರೆ ಎರಡೇ. ಆದರೆ ಅದೇ ಹಗ್ಗ ಮುಂದೆ ಸಾಧನದೊಳಗೆ ಹಾದು, ಮತ್ತೆ ಕೆಳಗಿಳಿದು, ಪ್ರೂಸಿಕ್ ಸುತ್ತಿದ ಜಾಗಕ್ಕೇ ಬರುತ್ತದೆ. ಅಲ್ಲೂ 20 ಇದೆ. ಒಟ್ಟು 60. ಪ್ರೂಸಿಕ್‌ಗಿಂತ ಸ್ವಲ್ಪ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆದಂತೆ ನೋಡಿ: ಮೂರು ಎಳೆ ಆ ಗೆರೆಯನ್ನು ದಾಟುತ್ತವೆ. ಮೂರೂ ಭಾರವನ್ನು ಮೇಲಕ್ಕೆ ಎಳೆಯುತ್ತಿವೆ. ಮೂರು ಬಂದದ್ದು ಅಲ್ಲಿಂದ.

ಹಾಗಾದರೆ ಆ್ಯಂಕರ್‌ನಲ್ಲಿರುವ ತಿರುವು ಏನು ಮಾಡುತ್ತದೆ? ಅದು ಬಾವಿಯ ಗಡಗಡೆ ಇದ್ದ ಹಾಗೆ: ದಿಕ್ಕು ಬದಲಿಸುತ್ತದೆ, ಭಾರ ಕಡಿಮೆ ಮಾಡುವುದಿಲ್ಲ. ಭಾರ ಕಡಿಮೆ ಮಾಡುವುದು ಭಾರದ ಜೊತೆಗೇ ಮೇಲೆ ಬರುವ ತಿರುವು. ಹೈಸ್ಕೂಲಿನಲ್ಲಿ ಸ್ಥಿರ ರಾಟೆ, ಚಲ ರಾಟೆ ಅಂತ ಓದಿದ್ದು ಇದನ್ನೇ. ಹಾಗಾಗಿ ಕೆಳಮುಖವಾಗಿ ಎಳೆಯಲು ಅನುಕೂಲ ಆಗಲಿ ಎಂದು ಆ್ಯಂಕರ್‌ನಲ್ಲಿ ಇನ್ನೊಂದು ಕ್ಯಾರಬೈನರ್ ಸೇರಿಸಿದರೆ ಅದು ನಾಲ್ಕಾಗುವುದಿಲ್ಲ. ಮೈಭಾರ ಹಾಕಿ ಎಳೆಯಬಹುದು, ಆದರೆ ಘರ್ಷಣೆ ಜಾಸ್ತಿಯಾಗುತ್ತದೆ.

ಇದಕ್ಕೆ ಬೆಲೆಯೂ ಇದೆ. ಅವರು ಒಂದು ಮೀಟರ್ ಮೇಲೆ ಬರಬೇಕಾದರೆ ನೀವು ಮೂರು ಮೀಟರ್ ಹಗ್ಗ ಎಳೆಯಬೇಕು.

ಘರ್ಷಣೆ ಎಷ್ಟು ತಿನ್ನುತ್ತದೆ

ಕ್ಯಾರಬೈನರ್ ಮೇಲೆ ತಿರುಗಿದ ಹಗ್ಗದಲ್ಲಿ ಸುಮಾರು 60% ಎಳೆತ ಉಳಿಯುತ್ತದೆ ಅನ್ನೋಣ. ಒಳ್ಳೆಯ ಪುಲ್ಲಿಯಾದರೆ ಸುಮಾರು 90%. ಮತ್ತೆ ಕೈಯಿಂದ ಎಣಿಸೋಣ. ಎರಡೂ ಕಡೆ ಕ್ಯಾರಬೈನರ್ ಇದ್ದರೆ 20, ಆಮೇಲೆ 12, ಆಮೇಲೆ 7.2. ಒಟ್ಟು 39. ಕಾಗದದ ಮೇಲಿನ ಮೂರು ಬಂಡೆಯ ಮೇಲೆ ಎರಡಕ್ಕೆ ಇಳಿಯಿತು. ಗೈಡ್ ಮೋಡ್‌ನ ಸಾಧನ ಕ್ಯಾರಬೈನರ್‌ಗಿಂತಲೂ ಬಿಗಿ, ಅದಕ್ಕೇ ಕೈಗೆ ಇನ್ನೂ ಕಡಿಮೆ ಸಿಗುತ್ತದೆ.

ನನಗೆ ತುಂಬ ಇಷ್ಟವಾದ ಲೆಕ್ಕ ಇದು: ಹತ್ತಿರ ಒಂದೇ ಪುಲ್ಲಿ ಇದ್ದರೆ ಎಲ್ಲಿ ಹಾಕಬೇಕು? ಪ್ರೂಸಿಕ್‌ನಲ್ಲಿ ಹಾಕಿದರೆ 20, 18, 10.8. ಒಟ್ಟು 48.8. ಆ್ಯಂಕರ್‌ನಲ್ಲಿ ಹಾಕಿದರೆ 20, 12, 10.8. ಒಟ್ಟು 42.8. ಅದೇ ಪುಲ್ಲಿ, ಅದೇ ಕ್ಯಾರಬೈನರ್, ಜಾಗ ಮಾತ್ರ ಬೇರೆ, ಆರು ಕಿಲೋ ವ್ಯತ್ಯಾಸ. ಕೈಗೆ ಹತ್ತಿರದ ತಿರುವಿನಲ್ಲಿ ಕಳೆದುಕೊಂಡದ್ದು ಮುಂದಿನ ಎಲ್ಲ ಎಳೆಗಳ ಎಳೆತವನ್ನೂ ಕಡಿಮೆ ಮಾಡುತ್ತದೆ. ಹಾಗಾಗಿ ಒಳ್ಳೆಯ ಪುಲ್ಲಿ ಯಾವಾಗಲೂ ಕೈಯ ಪಕ್ಕದ ತಿರುವಿಗೆ.

ಬಂಡೆಯ ಉಜ್ಜಾಟ ಈ ಲೆಕ್ಕದಲ್ಲಿ ಸೇರಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿ ನೋಡಿದವರಿಗೆ ನಮ್ಮ ಬಯಲುಸೀಮೆಯ ಗ್ರಾನೈಟ್ ಹೇಗೆ ಗುಂಡಗೆ ಇಳಿಯುತ್ತದೆ ಅಂತ ಗೊತ್ತು. ಅಂಥ ಬಂಡೆಯಲ್ಲಿ ಮೀಟರುಗಟ್ಟಲೆ ಹಗ್ಗ ಕಲ್ಲಿಗೆ ಒರಗಿಕೊಂಡೇ ಇರುತ್ತದೆ. ಆ್ಯಂಕರನ್ನು ಉದ್ದ ಮಾಡಿ, ಸಾಧನವನ್ನು ಆದಷ್ಟು ಅಂಚಿನ ಹತ್ತಿರ ಇಳಿಸಿಕೊಳ್ಳಿ. ಇನ್ನೊಂದು ಪುಲ್ಲಿ ತರುವುದಕ್ಕಿಂತ ಇದೇ ಎಷ್ಟೋ ಸಲ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕುಣಿಕೆ ಇಳಿಬಿಡುವುದು

ಕೆಳಗಿನವರು ಎಚ್ಚರವಾಗಿದ್ದು, ಕಣ್ಣಿಗೆ ಕಾಣುತ್ತಿದ್ದು, ಕೈ ಸ್ವಲ್ಪವಾದರೂ ಆಡುತ್ತಿದ್ದರೆ ನನ್ನ ಮೊದಲ ಆಯ್ಕೆ ಇದು. ಪ್ರೂಸಿಕ್ ಬೇಡ. ಎಂಟರ ಗಂಟಿನ ಆಸರೆ ಇಲ್ಲಿಯೂ ಬೇಕು. ಬ್ರೇಕ್ ಹಗ್ಗದ ಒಂದು ಕುಣಿಕೆಯನ್ನು ಕೆಳಗೆ ಬಿಡಿ. ಅವರು ಅದನ್ನು ಲಾಕ್ ಕ್ಯಾರಬೈನರ್‌ನಿಂದ ಹಾರ್ನೆಸ್‌ನ ಬಿಲೇ ಲೂಪ್‌ಗೆ (ಸೊಂಟಕ್ಕೆ ಕಟ್ಟಿದ ಪಟ್ಟಿಯ ಮುಂದಿನ ಬಳೆಗೆ) ಹಾಕಿಕೊಳ್ಳಲಿ. ಹಗ್ಗ ತಿರುಚಿಲ್ಲ ತಾನೆ ಎಂದು ಅವರಿಂದಲೇ ಹೇಳಿಸಿ. ಈಗ ಅವರ ಮತ್ತು ನಿಮ್ಮ ನಡುವೆ ಮೂರು ಎಳೆ. ಒಂದು ಅವರು ಕಟ್ಟಿಕೊಂಡದ್ದು, ಒಂದು ಸಾಧನದಿಂದ ಅವರ ಕಡೆ ಇಳಿಯುವುದು, ಒಂದು ನಿಮ್ಮ ಕೈಗೆ ಏರುವುದು. ನೀವು ಏರುವುದನ್ನು ಎಳೆಯಿರಿ, ಅವರು ಇಳಿಯುವುದನ್ನು ಎಳೆಯಲಿ. ಯಾವುದು ಅಂತ ಕೂಗಿ ಹೇಳುವಾಗ ಬಣ್ಣ, ಎಡ, ಬಲ ಬೇಡ. "ನಿನ್ನ ಕಡೆ ಬರ್ತಾ ಇರೋ ಹಗ್ಗ ಎಳಿ" ಅಂದರೆ ಸಾಕು.

ಇಲ್ಲಿ ಅವರ ಒಂದು ಕಿಲೋ ಎಳೆತ ಎರಡು ಕಿಲೋ ಆಗುತ್ತದೆ. ಅವರು ಹಿಡಿದ ಹಗ್ಗ ಅವರನ್ನು ನೇರವಾಗಿ ಎತ್ತುತ್ತದೆ, ಅದೇ ಎಳೆತ ಸಾಧನ ದಾಟಿ ಅವರು ಕಟ್ಟಿಕೊಂಡ ಹಗ್ಗದಲ್ಲೂ ಬರುತ್ತದೆ. 60 ಕಿಲೋದವರು 10 ಕಿಲೋದಷ್ಟು ಎಳೆದರೆ, ಘರ್ಷಣೆ ಬಿಟ್ಟು, ನಿಮ್ಮ ಪಾಲು 20ರಿಂದ ಸುಮಾರು 13ಕ್ಕೆ ಇಳಿಯುತ್ತದೆ. ಸೋತ ಕೈಯಿಂದಲೂ ಅಷ್ಟು ಎಳೆಯಬಹುದು.

ಮಿತಿ ಹಗ್ಗದ ಉದ್ದ. ಮೂರು ಪಟ್ಟು ಬೇಕಾದ್ದರಿಂದ 60 ಮೀಟರ್ ಹಗ್ಗದಲ್ಲಿ ಅವರು 20 ಮೀಟರಿಗಿಂತ ಹತ್ತಿರ ಇರಬೇಕು. ಗಂಟುಗಳಿಗೂ ಹಗ್ಗ ಹೋಗುತ್ತದೆ.

ಉಳಿದವು

ಝಡ್‌ನ ಎಳೆಯುವ ತುದಿಗೆ ಇನ್ನೊಂದು ಝಡ್ ಕಟ್ಟಿದರೆ ಮೂರು ಮೂರಲಿ ಒಂಬತ್ತು. ಕೂಡುವುದಲ್ಲ, ಗುಣಿಸುವುದು. ಇಷ್ಟು ಬಲ ಕೈಯಲ್ಲಿದ್ದಾಗ ಕೆಳಗಿನವರ ಕಾಲು ಬಿರುಕಿನಲ್ಲಿ ಸಿಕ್ಕಿಕೊಂಡಿದ್ದರೂ ನಿಮಗೆ ತಿಳಿಯುವುದಿಲ್ಲ. ಹಾಗಾಗಿ ಹಗ್ಗ ಇದ್ದಕ್ಕಿದ್ದಂತೆ ಬಿಗಿಯಾದರೆ ನಿಲ್ಲಿಸಿ, ಕೇಳಿ.

ಮೊದಲ ಎಳೆತಗಳಿಗೆ ಅವರು ಅಲುಗದಿದ್ದರೆ ಹೆದರಬೇಡಿ. ಹತ್ತುವ ಸಿಂಗಲ್ ಹಗ್ಗ 80 ಕಿಲೋ ಭಾರಕ್ಕೆ 10%ವರೆಗೂ ಹಿಗ್ಗಬಹುದು ಎಂದು ಮಾನದಂಡವೇ ಹೇಳುತ್ತದೆ. ಅವರು ಕಾಲ ಮೇಲೆ ನಿಂತಿದ್ದರೆ ಆ ಹಿಗ್ಗು ಮುಗಿದ ಮೇಲೇ ಮೇಲಕ್ಕೆ ಬರುವುದು.

ಎಳೆದರೂ ಬರುತ್ತಿಲ್ಲ ಎಂದಾದರೆ ಕೆಳಗೆ ಇಳಿಸಬೇಕು. ಗೈಡ್ ಮೋಡ್ ಭಾರದಲ್ಲಿದ್ದಾಗ ಬಿಡಿಸುವುದು ಎಳೆಯುವುದಕ್ಕಿಂತ ಅಪಾಯದ ಕೆಲಸ, ಅದು ಫಕ್ಕನೆ ಪೂರ್ತಿ ತೆರೆದುಕೊಳ್ಳಬಹುದು. ಬ್ರೇಕ್ ಹಗ್ಗಕ್ಕೆ ಪ್ರೂಸಿಕ್ ಆಸರೆ ಇಟ್ಟೇ ಬಿಡಿಸಬೇಕು. ಇದನ್ನು ಬಂಡೆಯ ಮೇಲೆ ಮೊದಲ ಸಲ ಮಾಡಬೇಡಿ. ತೋಟದ ಗಟ್ಟಿ ಸಿಲ್ವರ್ ಓಕ್ ಮರದ ಬುಡಕ್ಕೆ ಆ್ಯಂಕರ್ ಕಟ್ಟಿ, ಗೊತ್ತಿರುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇಳಿಜಾರಿನಲ್ಲಿ ಒರಗಿ ನಿಂತ ಗೆಳೆಯರ ಭಾರದಲ್ಲಿ ಕಲಿಯಿರಿ.