ಪಸ್ಕದಿಂದ ಕ್ರಿಸ್ಮಸ್‌ವರೆಗೆ: ಸಭೆಯ ಹಬ್ಬಗಳು ಬದಲಾಗಿದ್ದು ಹೇಗೆ?

ಡಿಸೆಂಬರ್ ಬಂತು ಅಂದರೆ ಕ್ರೈಸ್ತರ ವಾಟ್ಸಾಪ್ ಗುಂಪುಗಳಿಗೆ ಒಂದು ಮೆಸೇಜ್ ತಪ್ಪದೆ ಬರುತ್ತದೆ. ಕ್ರಿಸ್ಮಸ್ ಬೈಬಲ್‌ನಲ್ಲಿ ಇಲ್ಲ, ಅದು ರೋಮನ್ನರ ಸೂರ್ಯದೇವರ ಹಬ್ಬ, ದೇವರು ಕೊಟ್ಟ ಹಬ್ಬಗಳನ್ನು ಬಿಟ್ಟು ಅನ್ಯಜನರ ಹಬ್ಬ ಮಾಡುತ್ತಿದ್ದೀರಿ ಅಂತ. ಈಸ್ಟರ್ ಹತ್ತಿರ ಬಂದಾಗ ಅದೇ ಮಾತು ಈಸ್ಟರ್ ಬಗ್ಗೆ. ಅಣ್ಣ ಮನೆ ಮುಂದೆ ಸ್ಟಾರ್ ಕಟ್ಟುತ್ತಾನೆ, ತಮ್ಮ ಅವತ್ತು ಊಟಕ್ಕೂ ಬರುವುದಿಲ್ಲ. ಇಂಥ ಮನೆಗಳು ಈಗ ಕಡಿಮೆಯೇನಿಲ್ಲ. ಆದ್ದರಿಂದ ಈ ಜಗಳ ಎಲ್ಲಿಂದ ಶುರುವಾಯಿತು ಅಂತ ಸಮಾಧಾನವಾಗಿ ನೋಡಬೇಕು ಅನಿಸಿತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಭೆ, ಅಂದರೆ ಕ್ರೈಸ್ತ ಸಮುದಾಯ, ಬೈಬಲ್‌ನ ಹಬ್ಬಗಳಿಂದ ದೂರ ಹೋಗಿದ್ದು ನಿಜ. ಆದರೆ ಅದಕ್ಕೆ ದೊಡ್ಡ ಕಾರಣ ಸೂರ್ಯದೇವರಲ್ಲ, ಯೆಹೂದ್ಯರಿಂದ ಹೇಗಾದರೂ ಬೇರೆಯಾಗಬೇಕು ಅನ್ನುವ ಹಟ.

ಹಬ್ಬಗಳ ಪಟ್ಟಿ ಇರುವುದು ಬೈಬಲ್‌ನ ಹಳೆಯ ಒಡಂಬಡಿಕೆಯ ಯಾಜಕಕಾಂಡ ಪುಸ್ತಕದ 23ನೇ ಅಧ್ಯಾಯದಲ್ಲಿ. ಮೊದಲು ವಾರದ ಸಬ್ಬತ್, ಅಂದರೆ ಶನಿವಾರದ ವಿಶ್ರಾಂತಿ ದಿನ. ಆಮೇಲೆ ಮೊದಲ ತಿಂಗಳ 14ನೇ ದಿನ ಸಂಜೆ ಪಸ್ಕ (ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ನೆನಪಿನ ಹಬ್ಬ), ಅದರ ಬೆನ್ನಿಗೇ ಏಳು ದಿನ ಹುಳಿಯಿಲ್ಲದ ರೊಟ್ಟಿಗಳ ಹಬ್ಬ, ಬೆಳೆಯ ಮೊದಲ ಸಿವುಡು ಅರ್ಪಿಸುವ ದಿನ, ಅಲ್ಲಿಂದ 50 ದಿನ ಎಣಿಸಿದರೆ ವಾರಗಳ ಹಬ್ಬ, ಅಂದರೆ ಪಂಚಾಶತ್ತಮ. ಏಳನೇ ತಿಂಗಳಲ್ಲಿ ಕೊಂಬು ಊದುವ ದಿನ, 10ಕ್ಕೆ ದೋಷಪರಿಹಾರದ ಉಪವಾಸ, 15ರಿಂದ ಪರ್ಣಶಾಲೆಗಳ ಹಬ್ಬ. ಸಬ್ಬತ್ ಬಿಟ್ಟರೆ ಎಲ್ಲವೂ ಚಂದ್ರನ ಲೆಕ್ಕ, ಜೊತೆಗೆ ಆ ನಾಡಿನ ಬಾರ್ಲಿ, ಗೋಧಿ, ದ್ರಾಕ್ಷಿಯ ಲೆಕ್ಕ. ಯೇಸು ಇವನ್ನು ಆಚರಿಸಿದವರು. ಶಿಲುಬೆಗೆ ಏರಿಸಿದ್ದು ಪಸ್ಕದ ಸಮಯದಲ್ಲೇ, ಪವಿತ್ರಾತ್ಮ ಇಳಿದು ಬಂದದ್ದು ಪಂಚಾಶತ್ತಮದ ದಿನವೇ. ಆ ಹಬ್ಬಕ್ಕೆ ಯೆರೂಸಲೇಮ್ ತಲುಪಬೇಕು ಅಂತ ಪೌಲ ಅವಸರ ಮಾಡಿದ ವಿಷಯ ಅಪೊಸ್ತಲರ ಕೃತ್ಯಗಳಲ್ಲಿದೆ.

ಆದರೆ ಅದೇ ಪುಸ್ತಕದ 15ನೇ ಅಧ್ಯಾಯದಲ್ಲಿ, ಯೆಹೂದ್ಯರಲ್ಲದವರು ಸಭೆಗೆ ಸೇರಿದಾಗ ಏನೇನು ಪಾಲಿಸಬೇಕು ಎಂಬ ಚರ್ಚೆ ನಡೆಯುತ್ತದೆ. ಅಲ್ಲಿನ ತೀರ್ಮಾನದಲ್ಲಿ ಹಬ್ಬಗಳ ಮಾತೇ ಇಲ್ಲ. ಇನ್ನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಹಬ್ಬ, ಅಮಾವಾಸ್ಯೆ, ಸಬ್ಬತ್ ವಿಷಯದಲ್ಲಿ ನಿಮ್ಮನ್ನು ಯಾರೂ ತೀರ್ಪು ಮಾಡದಿರಲಿ ಎಂದು ಪೌಲ ಹೇಳುತ್ತಾನೆ. ಈ ವಚನವನ್ನು ಇವತ್ತು ಎರಡೂ ಕಡೆಯವರು ಬಳಸುತ್ತಾರೆ. ಒಬ್ಬರು ‘ನೋಡಿ, ಆಚರಿಸಬೇಕಾಗಿಲ್ಲ’ ಅನ್ನುತ್ತಾರೆ, ಇನ್ನೊಬ್ಬರು ‘ಆಚರಿಸುವವರನ್ನು ನೀವು ಪ್ರಶ್ನಿಸುವ ಹಾಗಿಲ್ಲ’ ಅನ್ನುತ್ತಾರೆ. ಎರಡನ್ನೂ ಸೇರಿಸಿ ಓದಿದರೆ ಜಗಳಕ್ಕೆ ಜಾಗವೇ ಇರುವುದಿಲ್ಲ ಅಲ್ವಾ?

ಮೊದಲ ದೊಡ್ಡ ತಕರಾರು ಎದ್ದಿದ್ದು ಪಸ್ಕದ ದಿನದ ಬಗ್ಗೆ. ಈಗಿನ ಟರ್ಕಿಯ ಪಶ್ಚಿಮ ಭಾಗದ ಸಭೆಗಳು ಯೆಹೂದ್ಯರ ಹಾಗೆಯೇ 14ನೇ ದಿನ, ಅದು ವಾರದ ಯಾವ ದಿನವೇ ಆಗಿರಲಿ, ಕ್ರಿಸ್ತನ ಪಸ್ಕ (ಈಗ ನಾವು ಈಸ್ಟರ್ ಅನ್ನುವ ಹಬ್ಬ) ಆಚರಿಸುತ್ತಿದ್ದವು. ರೋಮ್‌ನಲ್ಲಿ ಪುನರುತ್ಥಾನದ ಭಾನುವಾರಕ್ಕೇ ಮಹತ್ವ. ಸುಮಾರು ಕ್ರಿ.ಶ. 155ರಲ್ಲಿ ಸ್ಮುರ್ನದ ಬಿಷಪ್ ಪೊಲಿಕಾರ್ಪ್ ವಯಸ್ಸಾದ ಕಾಲದಲ್ಲಿ ರೋಮ್‌ಗೆ ಹೋಗಿ ಅಲ್ಲಿನ ಬಿಷಪ್ ಅನಿಸೆಟಸ್ ಜೊತೆ ಮಾತಾಡಿದರು. ಇಬ್ಬರೂ ತಮ್ಮ ಪದ್ಧತಿ ಬಿಡಲಿಲ್ಲ. ಆದರೂ ಅನಿಸೆಟಸ್ ತಮ್ಮ ಸಭೆಯಲ್ಲಿ ಪ್ರಭುಭೋಜನ ನಡೆಸಿಕೊಡುವ ಗೌರವವನ್ನು ಪೊಲಿಕಾರ್ಪ್ ಅವರಿಗೆ ಕೊಟ್ಟರು, ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಯಾಕೆಂದರೆ ಮುಂದೆ ಸುಮಾರು 190ರಲ್ಲಿ ರೋಮ್‌ನ ಬಿಷಪ್ ವಿಕ್ಟರ್ ಅದೇ ವಿಷಯಕ್ಕೆ ಆ ಸಭೆಗಳನ್ನೇ ಹೊರಗೆ ಹಾಕಲು ಹೊರಟರು. ಎಫೆಸದ ಬಿಷಪ್ ಪೊಲಿಕ್ರೇಟಸ್ ಉತ್ತರ ಬರೆದರು. ಅಪೊಸ್ತಲ ಫಿಲಿಪ್ಪ, ಯೋಹಾನ, ಪೊಲಿಕಾರ್ಪ್ ಎಲ್ಲರೂ 14ನೇ ದಿನವನ್ನೇ ಪಾಲಿಸಿದವರು, ನಮ್ಮ ಬಂಧುಗಳಲ್ಲಿ ಏಳು ಮಂದಿ ಬಿಷಪ್ ಆಗಿದ್ದರು, ನಾನು ಎಂಟನೆಯವನು, ಬೆದರಿಕೆಗೆ ಹೆದರುವುದಿಲ್ಲ ಅಂತ. ಲಿಯೊನ್‌ನ ಐರೆನೇಯಸ್ ಮಧ್ಯೆ ಬಂದು, ಪೊಲಿಕಾರ್ಪ್–ಅನಿಸೆಟಸ್ ಹೇಗೆ ನಡೆದುಕೊಂಡರು ಅಂತ ವಿಕ್ಟರ್‌ಗೆ ನೆನಪಿಸಿದರು. ಗಮನಿಸಿ, ಪಸ್ಕ ಬೇಕೇ ಬೇಡವೇ ಎಂಬ ಪ್ರಶ್ನೆ ಇಲ್ಲಿ ಯಾರೂ ಎತ್ತಿರಲಿಲ್ಲ. ಯಾವ ದಿನ ಅನ್ನುವುದಷ್ಟೇ ಜಗಳ.

ಆಮೇಲೆ ಬಂದದ್ದು 325ರ ನೈಸಿಯಾ ಸಮ್ಮೇಳನ, ಅಂದರೆ ಬಿಷಪ್‌ಗಳ ದೊಡ್ಡ ಸಭೆ. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕು, ಯೆಹೂದ್ಯರ ಲೆಕ್ಕವನ್ನು ನಂಬಿ ಕೂರಬಾರದು ಅಂತ ಅಲ್ಲಿ ತೀರ್ಮಾನವಾಯಿತು. ವಸಂತದಲ್ಲಿ ಹಗಲು-ರಾತ್ರಿ ಸಮನಾದ ಮೇಲಿನ ಹುಣ್ಣಿಮೆ, ಅದರ ನಂತರದ ಭಾನುವಾರ ಎಂಬ ಸೂತ್ರ ಕ್ರಮೇಣ ಎಲ್ಲ ಕಡೆ ನೆಲೆ ನಿಂತಿತು. ತೀರ್ಮಾನಕ್ಕಿಂತ ನೋವು ತರುವುದು ಅದರ ಭಾಷೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಸಭೆಗಳಿಗೆ ಬರೆದ ಪತ್ರದಲ್ಲಿ, ಆ ಅಸಹ್ಯ ಯೆಹೂದ್ಯರ ಜೊತೆ ನಮಗೆ ಏನೂ ಸಂಬಂಧ ಬೇಡ ಅನ್ನುವ ಅರ್ಥದ ಮಾತಿದೆ. ಯೇಸು ತಾನೇ ಯೆಹೂದ್ಯ ಅನ್ನುವುದು ಅಷ್ಟರಲ್ಲಿ ಮರೆತೇ ಹೋಗಿತ್ತು. ಈ ಬೇರ್ಪಡಿಕೆಯ ಫಲ ಇವತ್ತಿಗೂ ಕಾಣುತ್ತದೆ. 2024ರಲ್ಲಿ ನಮ್ಮಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಂತು, ಯೆಹೂದ್ಯರ ಪಸ್ಕ ಶುರುವಾಗಿದ್ದು ಏಪ್ರಿಲ್ 22ರ ಸಂಜೆ, ಆರ್ಥೊಡಾಕ್ಸ್ ಸಭೆಗಳ ಈಸ್ಟರ್ ಮೇ 5ಕ್ಕೆ. ಪಸ್ಕದ ಸಮಯದಲ್ಲಿ ಸತ್ತು ಎದ್ದವನ ಹಬ್ಬ ಪಸ್ಕಕ್ಕಿಂತ ಮೂರು ವಾರ ಮೊದಲೇ ಮುಗಿದುಹೋಗಿತ್ತು.

ಮೇಲಿನವರು ತೀರ್ಮಾನಿಸಿದರು ನಿಜ, ಜನ ಕೇಳಿದರಾ? ಕೇಳಲಿಲ್ಲ. ನಾಲ್ಕನೇ ಶತಮಾನದ ಕೊನೆಯ ಭಾಗದ ಲವೊದಿಕೀಯ ಸಮ್ಮೇಳನದ ನಿಯಮಗಳನ್ನು ನೋಡಿ. ಶನಿವಾರ ಕೆಲಸ ಬಿಟ್ಟು ಕೂರಬಾರದು, ಯೆಹೂದ್ಯರ ಹಬ್ಬದ ಊಟದ ಪಾಲು ತೆಗೆದುಕೊಳ್ಳಬಾರದು, ಅವರಿಂದ ಹುಳಿಯಿಲ್ಲದ ರೊಟ್ಟಿ ಇಸಕೊಳ್ಳಬಾರದು. ಇಷ್ಟು ನಿಯಮ ಬೇಕಾಯಿತು ಅಂದರೆ ಅಕ್ಕಪಕ್ಕದ ಮನೆಗಳ ನಡುವೆ ಆ ರೊಟ್ಟಿ ಓಡಾಡುತ್ತಲೇ ಇತ್ತು ಅಂತ ಅರ್ಥ. 386ರಲ್ಲಿ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ತೊಮ್ ಎಂಬ ಪ್ರಸಿದ್ಧ ಬೋಧಕರು ಇದೇ ವಿಷಯಕ್ಕೆ ಸರಣಿ ಪ್ರಸಂಗ ಶುರು ಮಾಡಿದರು. ಕೊಂಬು ಊದುವ ಹಬ್ಬ, ಉಪವಾಸ, ಪರ್ಣಶಾಲೆಗಳ ಹಬ್ಬ ಹತ್ತಿರ ಬರುತ್ತಿತ್ತು, ಅವರ ಸಭೆಯ ಎಷ್ಟೋ ಜನ ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಹೋಗಲು ಸಿದ್ಧವಾಗಿದ್ದರು. ಅದನ್ನು ತಡೆಯಲು ಅವರು ಯೆಹೂದ್ಯರ ಬಗ್ಗೆ ಆಡಿದ ಮಾತು ಎಷ್ಟು ಕಠೋರ ಅಂದರೆ, ಮುಂದಿನ ಶತಮಾನಗಳಲ್ಲಿ ಯೆಹೂದ್ಯ ದ್ವೇಷಿಗಳಿಗೆ ಅವು ಆಯುಧವಾದವು. ಅಂದರೆ ಕ್ರಿಸ್ತ ಹುಟ್ಟಿ ಮುನ್ನೂರ ಎಂಬತ್ತು ವರ್ಷಗಳಾದ ಮೇಲೂ ಸಾಮಾನ್ಯ ಕ್ರೈಸ್ತರು ಯಾಜಕಕಾಂಡದ ಹಬ್ಬಗಳನ್ನು ಪೂರ್ತಿ ಬಿಟ್ಟಿರಲಿಲ್ಲ. ಬಿಡಿಸಿದ್ದು ಬೈಗುಳ, ನಿಯಮ, ಹೆದರಿಕೆ.

ಅದೇ ಕ್ರಿಸೊಸ್ತೊಮ್, ಅದೇ ಊರಲ್ಲಿ, ಅದೇ ವರ್ಷ ಎಂದು ವಿದ್ವಾಂಸರು ಲೆಕ್ಕ ಹಾಕುವ ಡಿಸೆಂಬರ್ 25ರಂದು, ಕ್ರಿಸ್ತನ ಜನನದ ಹಬ್ಬದ ಬಗ್ಗೆ ಪ್ರಸಂಗ ಮಾಡಿದರು. ಈ ದಿನ ನಮಗೆ ಗೊತ್ತಾಗಿ ಇನ್ನೂ ಹತ್ತು ವರ್ಷ ಆಗಿಲ್ಲ ಅಂತ ಅವರೇ ಹೇಳುತ್ತಾರೆ. ಹಳೆಯ ಹಬ್ಬ ಹೋಗಿದ್ದು, ಹೊಸ ಹಬ್ಬ ಬಂದದ್ದು ಎರಡೂ ಒಬ್ಬರೇ ಮನುಷ್ಯನ ಒಂದೇ ವರ್ಷದ ಮಾತುಗಳಲ್ಲಿ ಸಿಗುತ್ತವೆ.

ಹಾಗಾದರೆ ಡಿಸೆಂಬರ್ 25 ಎಲ್ಲಿಂದ ಬಂತು? ಬೈಬಲ್‌ನಲ್ಲಿ ದಿನಾಂಕ ಇಲ್ಲ, ಇದರಲ್ಲಿ ಯಾರಿಗೂ ತಕರಾರಿಲ್ಲ. ರೋಮ್‌ನಲ್ಲಿ 354ರಲ್ಲಿ ಸೇರಿಸಿದ ಒಂದು ಪಂಚಾಂಗದ ಹೊತ್ತಗೆಯಲ್ಲಿ ಈ ದಿನ ಕ್ರಿಸ್ತ ಬೆತ್ಲೆಹೇಮ್‌ನಲ್ಲಿ ಹುಟ್ಟಿದ ಅಂತ ಇದೆ, ಆ ಪಟ್ಟಿ 336ರ ಹೊತ್ತಿನದು. ಸೂರ್ಯದೇವರ ಕಥೆ ಹೇಳುವವರು 274ರಲ್ಲಿ ಚಕ್ರವರ್ತಿ ಔರೇಲಿಯನ್ ‘ಅಜೇಯ ಸೂರ್ಯ’ನಿಗೆ ಗುಡಿ ಕಟ್ಟಿಸಿದ್ದನ್ನು ತೋರಿಸುತ್ತಾರೆ. ಅದು ನಿಜ. ಆದರೆ ಡಿಸೆಂಬರ್ 25 ಸೂರ್ಯನ ಹುಟ್ಟುಹಬ್ಬ ಎಂದು ಸ್ಪಷ್ಟವಾಗಿ ಕಾಣಿಸುವುದೂ ಅದೇ 354ರ ಹೊತ್ತಗೆಯಲ್ಲಿ. ಯಾರು ಯಾರನ್ನು ನೋಡಿ ಮಾಡಿದರು ಅಂತ ಇದರಿಂದ ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ. ಇನ್ನೊಂದು ವಿವರಣೆಯೂ ಇದೆ. ಕ್ರಿಸ್ತ ಸತ್ತ ಪಸ್ಕದ ದಿನವನ್ನು ರೋಮನ್ ಕ್ಯಾಲೆಂಡರ್‌ನಲ್ಲಿ ಮಾರ್ಚ್ 25 ಎಂದು ಕೆಲವರು ಲೆಕ್ಕ ಹಾಕಿದ್ದರು. ಅವನು ತಾಯಿಯ ಗರ್ಭಕ್ಕೆ ಬಂದದ್ದೂ ಅದೇ ದಿನ ಅನ್ನುವ ನಂಬಿಕೆ ಇತ್ತು, ಆ ಕಾಲದ ಪ್ರಸಿದ್ಧ ಬಿಷಪ್ ಅಗಸ್ಟೀನ್ ಇದನ್ನು ಬರೆದಿಟ್ಟಿದ್ದಾರೆ. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ ನೋಡಿ. ಪೂರ್ವದ ಕಡೆ ಕೆಲವರು ಏಪ್ರಿಲ್ 6 ಎಂದು ಹಿಡಿದಿದ್ದರು, ಅದಕ್ಕೆ ಜನವರಿ 6 ಬರುತ್ತದೆ. ಅರ್ಮೇನಿಯಾದ ಸಭೆ ಇಂದಿಗೂ ಜನನವನ್ನು ಜನವರಿ 6ಕ್ಕೇ ಆಚರಿಸುತ್ತದೆ. ಈ ಲೆಕ್ಕ ಸರಿ ಅಂತಾದರೆ ಕ್ರಿಸ್ಮಸ್ ದಿನಾಂಕವೂ ಪಸ್ಕದ ದಾರಕ್ಕೇ ಕಟ್ಟಿದ ಮಣಿ.

ಕ್ರಿಸ್ಮಸ್ ಮರದ ವಿರುದ್ಧ ಯೆರೆಮೀಯ 10ನೇ ಅಧ್ಯಾಯ ತೋರಿಸುವವರಿದ್ದಾರೆ. ಅಲ್ಲಿರುವುದು ಮರ ಕಡಿದು, ಕೆತ್ತಿ, ಬೆಳ್ಳಿ ಬಂಗಾರ ಹೊದಿಸಿದ ವಿಗ್ರಹದ ವಿಷಯ. ಅಲಂಕರಿಸಿದ ಕ್ರಿಸ್ಮಸ್ ಮರದ ವಿವರಣೆ ಸಿಗುವುದು 1605ರ ಸ್ಟ್ರಾಸ್‌ಬರ್ಗ್‌ನಿಂದ.

ಹಬ್ಬಗಳನ್ನೇ ಬೇಡ ಅಂದವರು ಹೊಸಬರೂ ಅಲ್ಲ. ಸ್ಕಾಟ್ಲೆಂಡ್‌ನ ಸುಧಾರಕರು 1560ರಲ್ಲೇ ಕ್ರಿಸ್ಮಸ್ ತಳ್ಳಿಹಾಕಿದರು, ಅಲ್ಲಿ ಅದು ಸಾರ್ವಜನಿಕ ರಜೆ ಆಗಿದ್ದು 1958ರಲ್ಲಿ. ಇಂಗ್ಲೆಂಡ್‌ನ ಪಾರ್ಲಿಮೆಂಟ್ 1647ರಲ್ಲಿ ಕ್ರಿಸ್ಮಸ್, ಈಸ್ಟರ್, ಪೆಂಟೆಕೋಸ್ಟ್ (ಪಂಚಾಶತ್ತಮ) ಮೂರನ್ನೂ ರದ್ದು ಮಾಡಿತು, ಆ ಡಿಸೆಂಬರ್‌ನಲ್ಲಿ ಕ್ಯಾಂಟರ್‌ಬರಿಯಲ್ಲಿ ಜನ ಬೀದಿಗೆ ಇಳಿದು ಗಲಾಟೆ ಮಾಡಿದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದರೆ ಐದು ಶಿಲಿಂಗ್ ದಂಡ. ಆದರೆ ಇವರು ಯಾಜಕಕಾಂಡದ ಹಬ್ಬಗಳನ್ನು ವಾಪಸ್ ತರಲಿಲ್ಲ. ಭಾನುವಾರ ಒಂದೇ ಸಾಕು ಅಂದರು.

ಈಗ ವಾಟ್ಸಾಪ್‌ನಲ್ಲಿ ಓಡಾಡುವ ವಾದದ ನೇರ ಮೂಲ 19ನೇ ಶತಮಾನದ ಸ್ಕಾಟ್ಲೆಂಡ್. ಅಲೆಕ್ಸಾಂಡರ್ ಹಿಸ್ಲಾಪ್ ಎಂಬ ಪಾದ್ರಿ 1850ರ ದಶಕದಲ್ಲಿ, ರೋಮನ್ ಕ್ಯಾಥೊಲಿಕ್ ಹಬ್ಬಗಳೆಲ್ಲ ಬಾಬೆಲಿನ (ಪ್ರಾಚೀನ ಬ್ಯಾಬಿಲೋನಿನ) ದೇವತೆಗಳಿಂದ ಬಂದವು ಅಂತ ದೊಡ್ಡ ಪುಸ್ತಕ ಬರೆದರು. ಹೆಸರು ಹೆಸರಿಗೆ ಹೋಲಿಸಿ ಕಟ್ಟಿದ ವಾದ ಅದು, ಇತಿಹಾಸಕಾರರು ಒಪ್ಪುವುದಿಲ್ಲ. ಅದನ್ನೇ ಆಧಾರ ಮಾಡಿಕೊಂಡು 1966ರಲ್ಲಿ ಜನಪ್ರಿಯ ಪುಸ್ತಕ ಬರೆದ ಅಮೆರಿಕದ ರಾಲ್ಫ್ ವುಡ್ರೊ, ಆಮೇಲೆ ಮೂಲಗಳನ್ನು ತಾವೇ ಪರಿಶೀಲಿಸಿ, ವಾದ ನಿಲ್ಲುವುದಿಲ್ಲ ಅಂತ ಕಂಡುಕೊಂಡು, ಚೆನ್ನಾಗಿ ಮಾರಾಟವಾಗುತ್ತಿದ್ದ ಆ ಪುಸ್ತಕವನ್ನು ಹಿಂತೆಗೆದುಕೊಂಡರು. ಅಷ್ಟು ಪ್ರಾಮಾಣಿಕತೆ ಸುಲಭವಲ್ಲ. ದುಃಖ ಏನೆಂದರೆ ಅವರ ಹಳೆಯ ವಾದಗಳು ಇನ್ನೂ ಫಾರ್ವರ್ಡ್ ಆಗುತ್ತಲೇ ಇವೆ.

ಹಬ್ಬಗಳನ್ನು ನಿಜವಾಗಿ ವಾಪಸ್ ತಂದವರಲ್ಲಿ ದೊಡ್ಡ ಹೆಸರು ಹರ್ಬರ್ಟ್ ಆರ್ಮ್‌ಸ್ಟ್ರಾಂಗ್. 1930ರ ದಶಕದಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಶುರುವಾದ ಅವರ ಸಭೆ ಸಬ್ಬತ್, ಪಸ್ಕ, ಪರ್ಣಶಾಲೆಗಳ ಹಬ್ಬ ಎಲ್ಲವನ್ನೂ ಕಡ್ಡಾಯ ಮಾಡಿತು. 1986ರಲ್ಲಿ ಅವರು ತೀರಿಕೊಂಡ ಮೇಲೆ, 90ರ ದಶಕದ ಮಧ್ಯದಲ್ಲಿ ಹೊಸ ನಾಯಕರು ಆ ಕಡ್ಡಾಯವನ್ನು ತೆಗೆದರು. ಸಾವಿರಾರು ಜನ ಹೊರನಡೆದು ಬೇರೆ ಬೇರೆ ಸಭೆ ಕಟ್ಟಿಕೊಂಡರು. ಯೇಸುವನ್ನು ನಂಬಿದ ಯೆಹೂದ್ಯರ ಮೂಲಕ ಪಸ್ಕದ ಊಟ, ಅಂದರೆ ಸೆಡರ್, 1970ರ ದಶಕದಿಂದ ಸಾಮಾನ್ಯ ಸಭೆಗಳಿಗೂ ಬಂತು. ಈಗ ನಮ್ಮ ಕಡೆಯ ಕೆಲವು ಸ್ವತಂತ್ರ ಸಭೆಗಳಲ್ಲೂ ಕೊಂಬು ಊದುತ್ತಾರೆ, ಸೆಡರ್ ಬಡಿಸುತ್ತಾರೆ. ಇದರಲ್ಲಿ ಒಂದು ತೊಡಕಿದೆ. ಯಾಜಕಕಾಂಡ ಬರೆದಂತೆ ಹಬ್ಬ ಮಾಡಲು ದೇವಾಲಯ ಬೇಕು, ಬಲಿ ಬೇಕು. ಕ್ರಿ.ಶ. 70ರಲ್ಲೇ ಯೆರೂಸಲೇಮಿನ ಆ ದೇವಾಲಯ ಬಿದ್ದುಹೋಯಿತು. ಇಂದಿನ ಸೆಡರ್ ಕ್ರಮ ರೂಪ ಪಡೆದಿದ್ದು ಆಮೇಲೆ, ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳ ಕೈಯಲ್ಲಿ. ಯೇಸು ಕೊನೆಯ ರಾತ್ರಿ ಮಾಡಿದ್ದು ಇದನ್ನೇ ಅನ್ನುವುದು ಸರಿಯಲ್ಲ. ಶತಮಾನಗಟ್ಟಲೆ ಯೆಹೂದ್ಯರನ್ನು ದೂರ ಇಟ್ಟು, ಈಗ ಅವರು ಕಾಪಾಡಿಕೊಂಡು ಬಂದ ಊಟವನ್ನು ನಮ್ಮದು ಅಂತ ಬಡಿಸುವುದು ನನಗೆ ಸರಿ ಕಾಣುವುದಿಲ್ಲ. ಯೆಹೂದ್ಯರಲ್ಲಿ ಅನೇಕರಿಗೂ ಇದು ನೋವಿನ ವಿಷಯ.

ಬೇರು ಹುಡುಕಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕೇರಳದಿಂದ ಬಂದು ಬೆಳ್ತಂಗಡಿ ಕಡೆ ನೆಲೆಸಿದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಶುಭ ಶುಕ್ರವಾರದ ಹಿಂದಿನ ರಾತ್ರಿ ಪೆಸಹಾ (ಅಂದರೆ ಪಸ್ಕ) ಅಪ್ಪ ಮಾಡುತ್ತಾರೆ. ಹುಳಿ ಬರಿಸದ ಹಿಟ್ಟು, ಮೇಲೆ ಗರಿಯ ಶಿಲುಬೆ. ಮನೆಯ ಹಿರಿಯರು ಪ್ರಾರ್ಥಿಸಿ ಮುರಿದು, ಬೆಲ್ಲ ಹಾಕಿ ಕಾಯಿಸಿದ ತೆಂಗಿನ ಹಾಲಿನ ಜೊತೆ ಎಲ್ಲರಿಗೂ ಕೊಡುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪ ಮಾಡುವುದಿಲ್ಲ, ಅಕ್ಕಪಕ್ಕದವರು ತಂದು ಕೊಡುತ್ತಾರೆ. ಮಂಗಳೂರಿನ ಕ್ಯಾಥೊಲಿಕರ ಮೊಂತಿ ಫೆಸ್ತ್ ಸೆಪ್ಟೆಂಬರ್ 8ಕ್ಕೆ, ಹೆಸರಿಗೆ ಮರಿಯಮ್ಮನವರ ಜನ್ಮದಿನ. ಆ ದಿನ ಚರ್ಚ್‌ನಲ್ಲಿ ಹೊಸ ತೆನೆ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಇಡೀ ಮನೆ ಒಟ್ಟಿಗೆ ಕೂತು ಸಸ್ಯಾಹಾರದ ಊಟ ಮಾಡುತ್ತದೆ. ಯಾಜಕಕಾಂಡದ ಮೊದಲ ಸಿವುಡಿನ ಹಬ್ಬ ಬೇರೆ ಇನ್ನೇನು ಹೇಳುತ್ತದೆ?

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಹಾರ್ವೆಸ್ಟ್ ಫೆಸ್ಟಿವಲ್ ಕೂಡ ಇದೇ ಸಾಲಿನದು. ಅದರ ಈಗಿನ ರೂಪ ಶುರುವಾಗಿದ್ದು 1843ರಲ್ಲಿ, ಇಂಗ್ಲೆಂಡ್‌ನ ಕಾರ್ನ್‌ವಾಲ್‌ನಲ್ಲಿ ರಾಬರ್ಟ್ ಹಾಕರ್ ಎಂಬ ಪಾದ್ರಿಯಿಂದ. ನಮ್ಮಲ್ಲಿ ಅವತ್ತು ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಕೋಳಿ ಎಲ್ಲ ತಂದು ಅರ್ಪಿಸಿ, ಆರಾಧನೆ ಮುಗಿದ ಮೇಲೆ ಹರಾಜು ಹಾಕುತ್ತಾರೆ. ಹರಾಜಿನ ಗದ್ದಲದಲ್ಲಿ ಯಾಜಕಕಾಂಡ 23ರ 22ನೇ ವಚನ ಯಾರಾದರೂ ಓದಿದ್ದು ನಾನು ಕೇಳಿಲ್ಲ. ಹಬ್ಬಗಳ ಪಟ್ಟಿಯ ನಡುವೆ, ವಾರಗಳ ಹಬ್ಬ ಮುಗಿದ ತಕ್ಷಣ ಆ ವಚನ ಬರುತ್ತದೆ: ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೆ ಕೊಯ್ಯಬೇಡಿ, ಉದುರಿದ ತೆನೆ ಆಯಬೇಡಿ, ಬಡವರಿಗೂ ಪರದೇಶಿಗಳಿಗೂ ಬಿಡಿ ಅಂತ. ಬೈಬಲ್ ಹಬ್ಬವೇ ಆಗಬೇಕು ಅನ್ನುವವರೂ ಈ ವಚನವನ್ನು ಫಾರ್ವರ್ಡ್ ಮಾಡುವುದಿಲ್ಲ. ಅದಕ್ಕೆ ಹೊಸ ಹಬ್ಬ ಬೇಕಾಗಿಲ್ಲ, ಹರಾಜಿನ ದುಡ್ಡಿನಲ್ಲಿ ಒಂದು ಪಾಲನ್ನು ಊರಿಗೆ ಕೆಲಸ ಹುಡುಕಿಕೊಂಡು ಬಂದ ಕೂಲಿಯವರ ಮನೆಗಳಿಗೆ ತೆಗೆದಿಡಿ ಅಂತ ಸಭೆಯ ಕಮಿಟಿಯಲ್ಲಿ ಈ ವರ್ಷವೇ ಕೇಳಬಹುದು.