ಪದ ಪರಿಚಯ: ನಾಯಿಗಳ ಶ್ವಾಸಕೋಶದ ಹುಳು

ತೋಟದ ಬಸವನಹುಳುವಿನ ಮೂಲಕ ನಾಯಿಯ ದೇಹ ಸೇರುವ ಪರೋಪಜೀವಿಗೆ ಶ್ವಾಸಕೋಶದ ಹುಳು ಎನ್ನುತ್ತಾರೆ. ಆಂಜಿಯೋಸ್ಟ್ರಾಂಜೈಲಸ್ ವಾಸೋರಮ್ ಎಂಬುದು ಇದರ ವೈಜ್ಞಾನಿಕ ಹೆಸರು. 19ನೇ ಶತಮಾನದಲ್ಲಿ ಫ್ರಾನ್ಸ್‌ನಲ್ಲಿ ಮೊದಲು ಗುರುತಿಸಲಾದ ಈ ಹುಳು ಈಗ ಯುರೋಪಿನ ಬಹುತೇಕ ದೇಶಗಳಲ್ಲಿದೆ. ನರಿಗಳಲ್ಲೂ ಇದು ಬದುಕುವುದರಿಂದ ಒಂದು ಪ್ರದೇಶಕ್ಕೆ ಕಾಲಿಟ್ಟ ಮೇಲೆ ನಿರ್ಮೂಲ ಮಾಡುವುದು ಕಷ್ಟ.

ಬೆಳೆದ ಹುಳುಗಳು ನೆಲೆಸುವುದು ಹೃದಯದ ಬಲಭಾಗದಲ್ಲಿ ಮತ್ತು ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ. ಉದ್ದ ಸುಮಾರು 2 ಸೆಂಟಿಮೀಟರ್. ಹೆಣ್ಣು ಹುಳುವಿನ ಮೈಯೊಳಗೆ ರಕ್ತ ತುಂಬಿದ ಕರುಳೂ ಬಿಳಿಯ ಗರ್ಭನಾಳವೂ ಸುತ್ತಿಕೊಂಡಿರುವುದರಿಂದ ಅದು ಕೆಂಪು-ಬಿಳಿ ಪಟ್ಟೆಯ ದಾರದಂತೆ ಕಾಣುತ್ತದೆ. ಅದು ಇಟ್ಟ ಮೊಟ್ಟೆಗಳು ರಕ್ತದೊಂದಿಗೆ ಹರಿದು ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಂಡು ಅಲ್ಲೇ ಒಡೆಯುತ್ತವೆ. ಹೊರಬಂದ ಮರಿಗಳು ಗಾಳಿಗೂಡುಗಳನ್ನು ಹೊಕ್ಕು, ಕೆಮ್ಮಿದಾಗ ಗಂಟಲಿಗೆ ಬಂದು, ನುಂಗಲ್ಪಟ್ಟು ಮಲದಲ್ಲಿ ಹೊರಬೀಳುತ್ತವೆ. ಆ ಮಲವನ್ನು ಮೇಯುವ ಬಸವನಹುಳುಗಳಲ್ಲಿ, ಚಿಪ್ಪಿಲ್ಲದ ಜಾತಿಗಳಲ್ಲೂ, ಅವು ಸೋಂಕು ತಗುಲಿಸುವ ಹಂತಕ್ಕೆ ಬೆಳೆಯುತ್ತವೆ. ಹಾಗಾಗಿ ಒಂದು ನಾಯಿಯಿಂದ ಇನ್ನೊಂದಕ್ಕೆ ಇದು ನೇರವಾಗಿ ಅಂಟುವುದಿಲ್ಲ. ನಡುವೆ ಬಸವನಹುಳು ಬೇಕೇ ಬೇಕು. ಅಂಥ ಬಸವನಹುಳುವನ್ನು ತಿಂದ ಕಪ್ಪೆಯನ್ನು ನಾಯಿ ತಿಂದರೂ ಬರಬಹುದು.

ನಮ್ಮ ನಾಯಿ ಅಂಥದ್ದನ್ನೆಲ್ಲ ತಿನ್ನುವುದಿಲ್ಲ ಎಂದು ನಿಶ್ಚಿಂತರಾಗಬೇಡಿ. ರಾತ್ರಿ ಹುಲ್ಲಿನಲ್ಲಿ ಬಿಟ್ಟ ಚೆಂಡನ್ನು ಬೆಳಿಗ್ಗೆ ತಿರುಗಿಸಿ ನೋಡಿ: ಅಕ್ಕಿಕಾಳಿನಷ್ಟು ಪುಟ್ಟ ಬಸವನಹುಳು ತಳದಲ್ಲಿ ಅಂಟಿರಬಹುದು. ಚೆಂಡು ಕಚ್ಚಿದ ನಾಯಿಗೆ ಅದು ಹೊಟ್ಟೆಗೆ ಹೋದದ್ದೇ ತಿಳಿಯುವುದಿಲ್ಲ. ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ಎಳೆಯ ನಾಯಿಗಳಲ್ಲೇ ಈ ಕಾಯಿಲೆ ಹೆಚ್ಚು.

ಕೆಮ್ಮು, ಏದುಸಿರು, ಬೇಗ ದಣಿಯುವುದು ಸಾಮಾನ್ಯ ಲಕ್ಷಣಗಳು. ಆದರೆ ನನಗೆ ಹೆಚ್ಚು ಆತಂಕ ತರುವುದು ರಕ್ತಸ್ರಾವ. ಈ ಸೋಂಕು ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನೇ ಕೆಡಿಸಬಲ್ಲದು. ಸಣ್ಣ ಗಾಯದಿಂದ ನಿಲ್ಲದೆ ರಕ್ತ ಸೋರುವುದು, ವಸಡಿನಲ್ಲಿ ರಕ್ತದ ಚುಕ್ಕೆ, ಕಣ್ಣಿನ ಬಿಳಿಭಾಗ ಕೆಂಪಾಗುವುದು ಕಂಡರೆ ಕಾಯಬಾರದು. ಮೆದುಳಿನಲ್ಲಿ ರಕ್ತಸ್ರಾವವಾದರೆ ಫಿಟ್ಸ್ ಬರಬಹುದು. ಕೆಲವು ನಾಯಿಗಳು ಒಮ್ಮೆಯೂ ಕೆಮ್ಮದೆ ಈ ಸ್ಥಿತಿ ತಲುಪುತ್ತವೆ.

ಪತ್ತೆಗೆ ರಕ್ತ ಪರೀಕ್ಷೆಯಿದೆ. ಮರಿಗಳು ಮಲದಲ್ಲಿ ದಿನವೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲವಾದ್ದರಿಂದ ಸತತ 3 ದಿನಗಳ ಮಾದರಿ ಕೇಳುತ್ತಾರೆ. ಬೇಗ ತಿಳಿದರೆ ಗುಣವಾಗುತ್ತದೆ. ಜಂತುಹುಳಕ್ಕೆ ಕೊಡುವ ಎಲ್ಲ ಔಷಧಗಳೂ ಇದಕ್ಕೆ ನಾಟುವುದಿಲ್ಲ. ಮಾಕ್ಸಿಡೆಕ್ಟಿನ್ ಅಥವಾ ಮಿಲ್ಬೆಮೈಸಿನ್ ಇರುವ ಔಷಧವನ್ನು ಪಶುವೈದ್ಯರೇ ಆರಿಸಬೇಕು. ನಾಯಿ ಬಸವನಹುಳು ತಿನ್ನುವುದನ್ನು ಕಂಡಿದ್ದರೆ ಅವರಿಗೆ ಮೊದಲೇ ಹೇಳಿ.

ಮಲವನ್ನು ಕೂಡಲೇ ಎತ್ತಿಹಾಕಿ. ಚೆಂಡು, ನೀರಿನ ಬಟ್ಟಲುಗಳನ್ನು ರಾತ್ರಿ ಒಳಗಿಡಿ. ಬಸವನಹುಳು ಕೊಲ್ಲಲೆಂದು ಮೆಟಾಲ್ಡಿಹೈಡ್ ಗುಳಿಗೆ ಮಾತ್ರ ಚೆಲ್ಲಬೇಡಿ. ಅದನ್ನು ತಿಂದ ನಾಯಿಗೆ ಕೆಲವೇ ಗಂಟೆಗಳಲ್ಲಿ ನಡುಕ, ಸೆಳವು ಶುರುವಾಗಿ ಪ್ರಾಣವೇ ಹೋಗಬಹುದು.