ಗುಳೆ ಹೋದ ಗರ್ಭಿಣಿ ಯಾರ ಲೆಕ್ಕಕ್ಕೆ?

ಯಾದಗಿರಿ ಜಿಲ್ಲೆಯ ಯಾವುದೇ ಆರೋಗ್ಯ ಉಪಕೇಂದ್ರದ ವ್ಯಾಪ್ತಿಯಲ್ಲಿ ಈ ವರ್ಷ ಎಷ್ಟು ಮಂದಿ ಗರ್ಭಿಣಿಯರಿರುತ್ತಾರೆ ಎಂಬುದನ್ನು ಊರಿಗೆ ಕಾಲಿಡದೆಯೇ ಹೇಳಿಬಿಡಬಹುದು. ಜನಸಂಖ್ಯೆಯನ್ನು ಜನನ ಪ್ರಮಾಣದಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು. ಗರ್ಭಪಾತ ಮತ್ತು ಸತ್ತು ಹುಟ್ಟುವ ಶಿಶುಗಳ ಲೆಕ್ಕಕ್ಕೆಂದು ಮೇಲೆ ಶೇ 10 ಸೇರಿಸಬೇಕು. ಐದು ಸಾವಿರ ಜನರಿದ್ದಾರೆ, ಜನನ ಪ್ರಮಾಣ ಸಾವಿರಕ್ಕೆ 20 ಎಂದಿಟ್ಟುಕೊಂಡರೆ ಉತ್ತರ 110. ಕಬ್ಬಿಣಾಂಶದ ಮಾತ್ರೆ ಎಷ್ಟು ಬೇಕು, ಚುಚ್ಚುಮದ್ದು ಎಷ್ಟು ಬೇಕು, ತಾಯಿ ಕಾರ್ಡ್ ಎಷ್ಟು ಬೇಕು ಎಂಬುದೆಲ್ಲ ಇದರಿಂದಲೇ ಹೊರಡುತ್ತದೆ. ತಿಂಗಳ ಪರಿಶೀಲನಾ ಸಭೆಯಲ್ಲಿ ‘ಗುರಿ’ ಎಂಬ ಕಾಲಂನಲ್ಲಿ ಕುಳಿತುಕೊಳ್ಳುವುದೂ ಇದೇ ಸಂಖ್ಯೆ. ಅದರ ಪಕ್ಕದ ‘ಸಾಧನೆ’ ಕಾಲಂ ಕಡಿಮೆಯಾದರೆ ಸಿಸ್ಟರ್ ಎದ್ದು ನಿಂತು ಉತ್ತರ ಕೊಡಬೇಕು.

ಸೂತ್ರದ ಮೇಲೆ ನನಗೆ ತಕರಾರಿಲ್ಲ. ಅಂದಾಜಿಲ್ಲದೆ ಯಾವ ಸರ್ಕಾರವೂ ಔಷಧಿ ಖರೀದಿಸಲಾರದು. ಆದರೆ ಈ ಸೂತ್ರದೊಳಗೆ ಬರೆಯದೇ ಬಿಟ್ಟ ಒಂದು ಮಾತಿದೆ: ಜನ ವರ್ಷದ ಹನ್ನೆರಡು ತಿಂಗಳೂ ಒಂದೇ ಊರಿನಲ್ಲಿರುತ್ತಾರೆ. ನಮ್ಮ ಭಾಗದಲ್ಲಿ ಅದು ನಿಜವಲ್ಲ. ಈ ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುತ್ತ ನಾನು ಕಂಡ ತೊಂದರೆಗಳಲ್ಲಿ ಬಹುಪಾಲು ಬೇರು ಬಿಟ್ಟಿರುವುದು ಇಲ್ಲೇ.

ಎಳ್ಳ ಅಮಾವಾಸ್ಯೆ ಮುಗಿದು ತೊಗರಿ ರಾಶಿಯಾದ ಮೇಲೆ ಒಣಬೇಸಾಯದ ಊರುಗಳಲ್ಲಿ ಕೂಲಿ ಇರುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಸುರಪುರ, ಶಹಾಪುರದ ಊರುಗಳ ಕಥೆ ಬೇರೆ. ಅಲ್ಲಿ ಎರಡನೇ ಬೆಳೆಗೆ ಕೈಗಳು ಬೇಕಾಗುತ್ತವೆ. ಗುರುಮಠಕಲ್ ಕಡೆಯ ಲಂಬಾಣಿ ತಾಂಡಾಗಳಲ್ಲಿ, ಕಲಬುರಗಿಯ ಚಿಂಚೋಳಿ, ಬೀದರಿನ ಔರಾದ ಕಡೆಯ ಮಳೆ ನಂಬಿದ ಊರುಗಳಲ್ಲಿ ಗಂಟು ಕಟ್ಟುವ ಕಾಲ ಅದು. ಯಾದಗಿರಿ ರೈಲು ನಿಲ್ದಾಣದಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಒಂದು ದಿಕ್ಕಿಗೆ ಬೆಂಗಳೂರು, ಇನ್ನೊಂದು ದಿಕ್ಕಿಗೆ ಮುಂಬೈ. ಹೈದರಾಬಾದ್, ಪುಣೆಗಳಿಗೆ ಬಸ್ಸು. ಕೆಲವರನ್ನು ಮುಕಾದಮರು, ಅಂದರೆ ಕೂಲಿ ಮೇಸ್ತ್ರಿಗಳು, ಮುಂಗಡ ಕೊಟ್ಟು ಮೊದಲೇ ಗೊತ್ತುಮಾಡಿರುತ್ತಾರೆ. ಯುಗಾದಿಗೋ ಊರ ಜಾತ್ರೆಗೋ ನಾಲ್ಕು ದಿನ ಬಂದು ಹೋದರೆ, ಮತ್ತೆ ಬೀಜ ಗೊಬ್ಬರದೊಂದಿಗೆ ಊರು ಸೇರುವುದು ಕಾರಹುಣ್ಣಿಮೆಯ ಹೊತ್ತಿಗೆ.

ಹೋಗುವವರು ಯಾರು ಎಂಬುದನ್ನು ಗಮನಿಸಬೇಕು. ಮುದುಕರು ಉಳಿಯುತ್ತಾರೆ, ಶಾಲೆಗೆ ಹೋಗುವ ಮಕ್ಕಳನ್ನು ಅಜ್ಜಿಯ ಬಳಿ ಬಿಡುತ್ತಾರೆ. ಹೋಗುವುದು ಇಪ್ಪತ್ತರಿಂದ ಮೂವತ್ತೈದರ ಗಂಡ ಹೆಂಡತಿ, ಜೊತೆಗೆ ಮೊಲೆ ಬಿಡದ ಕೂಸು. ಹೀಗಾಗಿ ಊರಿನ ಜನಸಂಖ್ಯೆಯಲ್ಲಿ ಹತ್ತನೇ ಒಂದು ಪಾಲು ಹೊರಗೆ ಹೋದರೂ, ಗರ್ಭಿಣಿಯರ ಮತ್ತು ಎರಡು ವರ್ಷದೊಳಗಿನ ಮಕ್ಕಳ ಪಟ್ಟಿಯಲ್ಲಿ ಬೀಳುವ ರಂಧ್ರ ಅದಕ್ಕಿಂತ ಎಷ್ಟೋ ದೊಡ್ಡದು. ಆರೋಗ್ಯ ಇಲಾಖೆ ಯಾರಿಗಾಗಿ ಅತಿ ಹೆಚ್ಚು ಕಾರ್ಯಕ್ರಮ ರೂಪಿಸಿದೆಯೋ ಅವರೇ ಊರಿನಲ್ಲಿರುವುದಿಲ್ಲ.

ಇದರ ಫಲ ರಕ್ತಹೀನತೆಯ ಚಿಕಿತ್ಸೆಯಲ್ಲಿ ಎದ್ದು ಕಾಣುತ್ತದೆ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ನುಂಗಬೇಕು, ಹೆರಿಗೆಯ ನಂತರ ಇನ್ನೂ 180 ದಿನ. ಮಾತ್ರೆಯನ್ನು ರೂಢಿಯಲ್ಲಿ ತಿಂಗಳಿಗೊಮ್ಮೆ ತಪಾಸಣೆಗೆ ಬಂದಾಗ ಕೊಡುತ್ತೇವೆ. ಜನವರಿಯಲ್ಲಿ ಮೂರು ತಿಂಗಳು ತುಂಬಿದ ಹೆಣ್ಣುಮಗಳೊಬ್ಬಳು ಹೆಸರು ನೋಂದಾಯಿಸಿ, ಮೂವತ್ತು ಮಾತ್ರೆ ಪಡೆದು, ಮರುವಾರ ಬೆಂಗಳೂರಿನ ಹೊರವಲಯದ ಕಟ್ಟಡವೊಂದರ ಶೆಡ್ಡಿಗೆ ಹೋದಳೆಂದುಕೊಳ್ಳಿ. ಫೆಬ್ರುವರಿಯಲ್ಲಿ ಮಾತ್ರೆ ಮುಗಿಯುತ್ತದೆ. ಇಟ್ಟಿಗೆ, ಮರಳು ಹೊರುವ ಕೆಲಸ ಮುಗಿಯುವುದಿಲ್ಲ. ಹೆರಿಗೆಗೆ ತವರಿಗೆ ಬರುವುದು ನಮ್ಮಲ್ಲಿ ಪದ್ಧತಿ. ಆಕೆ ಜೂನ್‌ನಲ್ಲಿ ಎಂಟು ತುಂಬಿ ಬರುತ್ತಾಳೆ. ರಕ್ತ ಪರೀಕ್ಷಿಸಿದರೆ ಆರು ಗ್ರಾಂ. ಆ ಹಂತದಲ್ಲಿ ಮಾತ್ರೆಯಿಂದ ಆಗುವುದೇನೂ ಇಲ್ಲ. ಮಾತ್ರೆ ಕೆಲಸ ಮಾಡಲು ವಾರಗಳು ಬೇಕು, ಆಕೆಯ ಬಳಿ ವಾರಗಳಿಲ್ಲ. ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಬೇಕು, ಇನ್ನೂ ಕಡಿಮೆಯಿದ್ದರೆ ರಕ್ತವನ್ನೇ ಕೊಡಬೇಕು. ಹೆರಿಗೆಯಲ್ಲಿ ಒಂದಿಷ್ಟು ಹೆಚ್ಚು ರಕ್ತ ಹೋದರೂ ಜೀವಕ್ಕೆ ಅಪಾಯ.

ನಮ್ಮ ವರದಿಯಲ್ಲಿ ಆಕೆ ‘ತಪಾಸಣೆಗೆ ಬಾರದ ಗರ್ಭಿಣಿ’. ಸಭೆಗಳಲ್ಲಿ ಇದಕ್ಕೆ ಕೊಡುವ ಕಾರಣ ಅರಿವಿನ ಕೊರತೆ, ಪರಿಹಾರ ಜಾಗೃತಿ ಜಾಥಾ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಾತ್ರೆ ಯಾಕೆ ಬೇಕೆಂದು ಆಕೆಗೆ ಚೆನ್ನಾಗಿ ಗೊತ್ತು. ‘ಮಾತ್ರೆ ಮುಗಿದವು ಸಾಹೇಬರೇ, ಅಲ್ಲಿ ಕೇಳುವುದಕ್ಕೆ ದವಾಖಾನೆ ಎಲ್ಲಿದೆಯೋ ತಿಳಿಯಲಿಲ್ಲ, ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ’ ಎಂಬ ಮಾತನ್ನು ಹತ್ತಾರು ಬಾಯಲ್ಲಿ ಕೇಳಿದ್ದೇನೆ. ಈ ಮಾತಿನಲ್ಲಿ ನನಗೆ ಕಾಣುವುದು ನೇರವಾದ ಲೆಕ್ಕಾಚಾರ, ಅಜ್ಞಾನವಲ್ಲ. ಅರಿವಿಲ್ಲದೆ ಇರುವುದು ನಮ್ಮ ಯೋಜನೆಗೆ, ಆಕೆ ಇರುವ ಜಾಗದ ಬಗ್ಗೆ.

ಎಣಿಕೆಯ ಸಮಸ್ಯೆ ಉಪಕೇಂದ್ರದಲ್ಲಿ ಹುಟ್ಟಿದ್ದಲ್ಲ, ಅದು ಜನಗಣತಿಯಿಂದಲೇ ಬರುತ್ತದೆ. 2011ರಲ್ಲಿ ಜನರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಅವಧಿಯಿಡೀ ಮನೆಯಲ್ಲಿಲ್ಲದವರನ್ನು ಆ ಊರಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಎಲ್ಲಿದ್ದಾರೋ ಅಲ್ಲಿ ಎಣಿಸಬೇಕೆಂಬುದು ನಿಯಮ. ದೇಶಕ್ಕೆ ಇದು ಸರಿಯಾದ ನಿಯಮವೇ ಇರಬಹುದು. ಆದರೆ ಫೆಬ್ರುವರಿ ನಮ್ಮಲ್ಲಿ ಗುಳೆಯ ನಡುಗಾಲ. ಅಂದರೆ ತಾಂಡಾ ಅತ್ಯಂತ ಖಾಲಿಯಿರುವ ದಿನಗಳಲ್ಲಿ ತಾಂಡಾದ ಜನಸಂಖ್ಯೆ ನಿಗದಿಯಾಗುತ್ತದೆ. ಬಯಲುಸೀಮೆಯಲ್ಲಿ ಐದು ಸಾವಿರ ಜನರಿಗೊಂದು ಉಪಕೇಂದ್ರ, ಮೂವತ್ತು ಸಾವಿರಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಸಾವಿರಕ್ಕೊಬ್ಬ ಆಶಾ ಕಾರ್ಯಕರ್ತೆ ಎಂಬ ಮಾನದಂಡಗಳೆಲ್ಲ ಆ ಸಂಖ್ಯೆಯ ಮೇಲೆ ನಿಂತಿವೆ. 2021ರ ಗಣತಿ ನಡೆಯದ ಕಾರಣ, ಯಾದಗಿರಿ ಜಿಲ್ಲೆಯ ಜನಸಂಖ್ಯೆ ಎಂದರೆ ಇವತ್ತಿಗೂ ಆಧಾರ 2011ರ 11.74 ಲಕ್ಷವೇ, ಉಳಿದದ್ದು ಅದರ ಮೇಲಿನ ಅಂದಾಜು. ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಮತ್ತೆ ಗುಳೆಯ ಕಾಲವೇ.

ಹೀಗಾಗಿ ಎರಡೂ ಕಡೆಯಿಂದ ಏಟು. ಊರು ತುಂಬಿರುವ ಜೂನ್‌ನಿಂದ ಡಿಸೆಂಬರ್‌ವರೆಗೆ, ಜ್ವರ ಭೇದಿ ಹೆಚ್ಚಿರುವ ಮಳೆಗಾಲದಲ್ಲಿಯೇ, ಲೆಕ್ಕಕ್ಕಿಂತ ಹೆಚ್ಚು ಜನರನ್ನು ಅದೇ ಸಿಬ್ಬಂದಿ ನೋಡಬೇಕು. ಊರು ಖಾಲಿಯಾದಾಗ ಗುರಿ ಮಾತ್ರ ಖಾಲಿಯಾಗುವುದಿಲ್ಲ.

ಇದರ ಜೊತೆಗೆ ಹಣಕಾಸು ವರ್ಷ. ಮಾರ್ಚ್ 31ಕ್ಕೆ ಖರ್ಚಾಗದ ಹಣದ ಪ್ರಶ್ನೆ ಬರುತ್ತದೆಂದು ಶಿಬಿರಗಳು, ತರಬೇತಿಗಳು, ಜಾಥಾಗಳು ಫೆಬ್ರುವರಿ, ಮಾರ್ಚ್‌ನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಗರ್ಭಿಣಿಯರ ಶಿಬಿರಕ್ಕೆ ಗರ್ಭಿಣಿಯರಿಲ್ಲದ ತಾಂಡಾದಲ್ಲಿ ಶಾಮಿಯಾನ ಹಾಕಿಸುವ ಕೆಲಸ ಯಾವ ವೈದ್ಯನಿಗೂ ಹಿತವಲ್ಲ. ಅದೇ ಹಣ ನವೆಂಬರ್‌ನಲ್ಲಿ, ರಾಶಿಗೆ ಮುಂಚೆ ಕೈಗೆ ಬಂದರೆ ಹೊರಡುವವರನ್ನೆಲ್ಲ ಪರೀಕ್ಷಿಸಿ ಕಳುಹಿಸಬಹುದು. ನಮ್ಮಲ್ಲಿ ಆರೋಗ್ಯದ ಕ್ಯಾಲೆಂಡರ್ ತೊಗರಿಯ ಕ್ಯಾಲೆಂಡರನ್ನು ಅನುಸರಿಸಬೇಕು. ಈ ಲೇಖನದಲ್ಲಿ ಒಂದೇ ಒಂದು ಮಾತು ಆಡಳಿತಗಾರರ ಕಿವಿಗೆ ಬೀಳುವುದಾದರೆ ಇದು ಬೀಳಲಿ.

ಇನ್ನು ಆಶಾ ಕಾರ್ಯಕರ್ತೆಯರ ವಿಷಯ. ಅವರ ಆದಾಯದ ಒಂದು ಭಾಗ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಜನನಿ ಸುರಕ್ಷಾ ಯೋಜನೆಯಲ್ಲಿ ಗ್ರಾಮೀಣ ಗರ್ಭಿಣಿಯೊಬ್ಬಳ ತಪಾಸಣೆಗಳನ್ನು ಪೂರ್ಣಗೊಳಿಸಿದರೆ ₹300, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರೆ ₹300. ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ಶಿಶುವನ್ನು ನೋಡಿದರೆ ₹250. ಮಗುವಿಗೆ ಒಂದು ವರ್ಷದೊಳಗಿನ ಲಸಿಕೆ ಪೂರ್ತಿಯಾದರೆ ₹100. ಗುಳೆ ಹೋದ ಗರ್ಭಿಣಿಗೆ ವಾರಕ್ಕೊಮ್ಮೆ ಸ್ವಂತ ಮೊಬೈಲ್‌ನಿಂದ ಫೋನ್ ಮಾಡಿ, ಗಂಡನಿಗೆ ಹೇಳಿ, ಹತ್ತಿರದ ಆಸ್ಪತ್ರೆ ಹುಡುಕಿಸಿ ಚುಚ್ಚುಮದ್ದು ಹಾಕಿಸಿದ ಆಶಾಗೆ ಈ ಪಟ್ಟಿಯಲ್ಲಿ ಯಾವ ಸಾಲೂ ಇಲ್ಲ. ಇಂಥ ಕೆಲಸ ಮಾಡುವವರನ್ನು ನಾನು ಕಂಡಿದ್ದೇನೆ. ತಾಂಡಾದ ಸೊಸೆಯಂದಿರು ಅವರನ್ನು ಅಕ್ಕ ಎಂದು ಕರೆಯುತ್ತಾರೆ, ಅವರೂ ಅಕ್ಕನಂತೆಯೇ ನಡೆದುಕೊಳ್ಳುತ್ತಾರೆ. ಆದರೆ ಒಂದು ರಾಜ್ಯದ ತಾಯಂದಿರ ಆರೋಗ್ಯವನ್ನು ಇವರ ಒಳ್ಳೆಯತನದ ಮೇಲೆ ಹೊರಿಸಿ ಸರ್ಕಾರ ಸುಮ್ಮನಿರುವುದು ನ್ಯಾಯವಲ್ಲ.

ಮೇಲಿನ ಒತ್ತಡವೂ ಇದೆ. 2018ರಿಂದ ಯಾದಗಿರಿ ಮತ್ತು ರಾಯಚೂರು ಕೇಂದ್ರವು ಹಿಂದುಳಿದ ಜಿಲ್ಲೆಗಳಿಗೆಂದು ಮಾಡಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿಯಲ್ಲಿವೆ. ಮೊದಲ ಮೂರು ತಿಂಗಳಲ್ಲಿ ನೋಂದಣಿ, ಕನಿಷ್ಠ ನಾಲ್ಕು ತಪಾಸಣೆ ಎಂಬವು ಅದರ ಅಳತೆಗೋಲುಗಳಲ್ಲಿ ಸೇರಿವೆ. ಅಳೆಯುವುದು ಒಳ್ಳೆಯದೇ. ಆದರೆ ನಮ್ಮಲ್ಲಿ ನೋಂದಾಯಿಸಿ ಬೆಂಗಳೂರಿಗೆ ಹೋದವಳ ತಪಾಸಣೆ ತಪ್ಪಿದರೆ ಅಂಕ ಕಳೆದುಕೊಳ್ಳುವುದು ಯಾದಗಿರಿ. ಆಕೆ ಐದು ತಿಂಗಳು ಬದುಕಿದ ನಗರದ ಆರೋಗ್ಯ ಕೇಂದ್ರಕ್ಕೆ ಆಕೆ ಇದ್ದದ್ದೇ ಗೊತ್ತಿರುವುದಿಲ್ಲ. ನಗರ ಆರೋಗ್ಯ ಅಭಿಯಾನ 2013ರಲ್ಲಿ ಬಂತು, 2022ರ ಕೊನೆಯಿಂದ ರಾಜ್ಯ ಸರ್ಕಾರದ ‘ನಮ್ಮ ಕ್ಲಿನಿಕ್’ಗಳು ಬಂದಿವೆ. ಆದರೆ ಕಟ್ಟಡ ಮುಗಿದ ಕೂಡಲೇ ಜಾಗ ಬದಲಿಸುವ ಶೆಡ್ಡುಗಳು ಅಲ್ಲಿಯ ಆಶಾಳ ಮನೆ ಪಟ್ಟಿಯಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ಕಾನೂನಿನಲ್ಲೂ ಇದೇ ತೆರಪು ಬಹುಕಾಲ ಇತ್ತು: 1979ರ ವಲಸೆ ಕಾರ್ಮಿಕರ ಕಾಯ್ದೆ ಇದ್ದದ್ದು ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ಯಾದಗಿರಿಯಿಂದ ಬೆಂಗಳೂರಿಗೆ ಹೋದವರು ಎಷ್ಟು ನೂರು ಕಿಲೋಮೀಟರ್ ಹೋದರೂ ಅದರ ಕಣ್ಣಿಗೆ ವಲಸೆಗಾರರಾಗಿರಲಿಲ್ಲ.

ಇದು ಆಗದ ಕೆಲಸ ಎನ್ನುವವರಿಗೆ ನಾನು ಪೋಲಿಯೊವನ್ನು ನೆನಪಿಸುತ್ತೇನೆ. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೊ ಕಾರ್ಯಕ್ರಮ ಯಾವ ಮಗುವಿಗೂ ‘ನಿನ್ನದು ಯಾವ ಊರು’ ಎಂದು ಕೇಳಲಿಲ್ಲ. ಬಸ್ ನಿಲ್ದಾಣಗಳಲ್ಲಿ, ವಾಡಿ ಜಂಕ್ಷನ್ನಿನಂಥ ರೈಲು ನಿಲ್ದಾಣಗಳಲ್ಲಿ ತಂಡಗಳು ನಿಂತವು. ಇಟ್ಟಿಗೆ ಭಟ್ಟಿ, ಕಟ್ಟಡದ ಶೆಡ್ಡು, ಅಲೆಮಾರಿಗಳ ಗುಡಾರಗಳನ್ನು ಹೆಚ್ಚು ಅಪಾಯದ ಸ್ಥಳಗಳೆಂದು ಸೂಕ್ಷ್ಮ ಯೋಜನೆಯಲ್ಲಿ ಹೆಸರಿಸಿ ಬರೆದುಕೊಂಡರು. ಹನಿ ಹಾಕಿ ಕಿರುಬೆರಳಿಗೆ ಗುರುತು ಮಾಡಿದರೆ ಮುಗಿಯಿತು. ದಾಖಲೆ ಮಗುವಿನ ಜೊತೆಯೇ ಹೋಗುತ್ತಿತ್ತು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು, 2014ರ ಮಾರ್ಚ್‌ನಲ್ಲಿ ಪ್ರಮಾಣಪತ್ರ ಬಂತು. ಕ್ಷಯದ ಕಾರ್ಯಕ್ರಮವೂ ಇದನ್ನು ಕಲಿತಿದೆ. ನಿಕ್ಷಯ್ ವ್ಯವಸ್ಥೆಯಲ್ಲಿ ರೋಗಿಗೆ ದೇಶಕ್ಕೆಲ್ಲ ಒಂದೇ ಸಂಖ್ಯೆ, ಆತ ಊರು ಬಿಟ್ಟರೆ ಇಲ್ಲಿಯ ಕೇಂದ್ರ ಅಲ್ಲಿಯ ಕೇಂದ್ರಕ್ಕೆ ವರ್ಗಾಯಿಸಬಹುದು, ಚಿಕಿತ್ಸೆ ಅಲ್ಲಿ ಮುಂದುವರಿಯುತ್ತದೆ. ಗರ್ಭಿಣಿಗೂ ತಾಯಿ ಕಾರ್ಡಿನಲ್ಲಿ ಒಂದು ನೋಂದಣಿ ಸಂಖ್ಯೆ ಇದೆ. ಇಲ್ಲದಿರುವುದು ಅದನ್ನು ಹಿಡಿದು ಆಕೆಯನ್ನು ಎದುರುಗೊಳ್ಳಬೇಕಾದ ಹೊಣೆ. ಅಲ್ಲಿಯ ಯಾರ ಮೇಲೂ ಅದನ್ನು ಹಾಕಿಲ್ಲ.

ಮಾಡಬೇಕಾದದ್ದರಲ್ಲಿ ಕೆಲವನ್ನು ನಾಳೆಯೇ ಮಾಡಬಹುದು. ಹೊರಡುವ ಗರ್ಭಿಣಿಗೆ ಒಂದು ತಿಂಗಳಿನ ಬದಲು ಮರಳುವವರೆಗಿನ ಮಾತ್ರೆ ಕೊಟ್ಟು ಕಳುಹಿಸಲು ದಾಸ್ತಾನು ಮತ್ತು ಒಂದು ಸುತ್ತೋಲೆ ಸಾಕು. ಅರ್ಹ ದಂಪತಿಗಳ ರಿಜಿಸ್ಟರಿನಲ್ಲಿ ‘ಗುಳೆ: ಎಲ್ಲಿಗೆ, ಯಾವಾಗ, ಯಾವ ನಂಬರ್’ ಎಂಬ ಒಂದು ಕಾಲಂ ಸೇರಿಸಬಹುದು, ಬಹಳ ಕಡೆ ಆಶಾಗಳು ಡೈರಿಯ ಅಂಚಿನಲ್ಲಿ ಇದನ್ನು ಬರೆದುಕೊಂಡೇ ಇರುತ್ತಾರೆ. ಪ್ರೋತ್ಸಾಹಧನವನ್ನು ಕಳುಹಿಸಿದ ಆಶಾ ಮತ್ತು ಎದುರುಗೊಂಡ ಆಶಾ ಇಬ್ಬರಿಗೂ ಹಂಚುವುದಕ್ಕೆ ರಾಜ್ಯ ಮಟ್ಟದ ತೀರ್ಮಾನ ಬೇಕು.

ದೊಡ್ಡ ಕೆಲಸ ಮಾನದಂಡ ಬದಲಿಸುವುದು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗಕ್ಕೆ ಹಣ ಬಂದಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಇವತ್ತು ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಕಲಬುರಗಿಯಲ್ಲಿ ಹೃದ್ರೋಗಕ್ಕೆ ಬೆಂಗಳೂರು, ಸೊಲ್ಲಾಪುರಕ್ಕೆ ಓಡಬೇಕಿದ್ದ ಕಾಲ ಹೋಯಿತು. ಆದರೆ ಕಟ್ಟಡಕ್ಕೆ ಹಣ ಕೇಳುವುದು ಸುಲಭ, ಅದಕ್ಕೆ ಶಂಕುಸ್ಥಾಪನೆ ಇರುತ್ತದೆ. ತಾಂಡಾಕ್ಕೆ ಜನಸಂಖ್ಯೆ ಸಾವಿರ ಮುಟ್ಟದಿದ್ದರೂ ಒಬ್ಬ ಆಶಾ ಬೇಕೆಂದು, ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಕೂಲಿಗಳಿರುವ ಬಡಾವಣೆಗಳ ಆರೋಗ್ಯ ಕೇಂದ್ರಗಳಿಗೆ ಫೆಬ್ರುವರಿಯಿಂದ ಮೇವರೆಗೆ ಹೆಚ್ಚುವರಿ ಸಿಸ್ಟರ್‌ಗಳು ಬೇಕೆಂದು ಕೇಳುವುದು ಕಷ್ಟ. ಅಲ್ಲಿ ಕಲ್ಲು ನೆಡುವುದಕ್ಕೆ ಏನೂ ಇಲ್ಲ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಿಗೆ ಮೂರು ಸಾವಿರಕ್ಕೊಂದು ಉಪಕೇಂದ್ರ ಎಂಬ ರಿಯಾಯಿತಿ ಈಗಾಗಲೇ ಇದೆ. ಗುಳೆ ಹೆಚ್ಚಿರುವ ತಾಲ್ಲೂಕುಗಳಿಗೂ ಅದನ್ನು ವಿಸ್ತರಿಸಲು ತಡೆಯುವುದು ಏನೆಂದು ನನಗೆ ಅರ್ಥವಾಗುವುದಿಲ್ಲ.

2027ರ ಫೆಬ್ರುವರಿಯಲ್ಲಿ ಎಣಿಕೆದಾರರು ಮನೆಗೆ ಬರುತ್ತಾರೆ, ಬೀಗ ಹಾಕಿದ ಮನೆಗಳನ್ನು ಕಂಡು ಮುಂದೆ ಹೋಗುತ್ತಾರೆ. ಆ ದಿನಾಂಕವನ್ನು ನಾವು ಬದಲಿಸಲಾರೆವು. ಆದರೆ ಅದಕ್ಕೆ ಮುಂಚಿನ ಸೆಪ್ಟೆಂಬರಿನಲ್ಲಿ, ಊರು ತುಂಬಿರುವಾಗ, ಮೂರು ಜಿಲ್ಲೆಗಳ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಂದ ಒಂದು ಮನೆ ಮನೆ ಎಣಿಕೆ ಮಾಡಿಸಿ, ಅದಕ್ಕೆ ಸರಿಯಾದ ಸಂಭಾವನೆ ಕೊಟ್ಟು, ಜಿಲ್ಲಾ ಆರೋಗ್ಯ ಕ್ರಿಯಾ ಯೋಜನೆಯ ಆಧಾರ ಸಂಖ್ಯೆಯಾಗಿ ಅದನ್ನೇ ಬಳಸುವಂತೆ ರಾಜ್ಯ ಸರ್ಕಾರ ಆದೇಶ ಹೊರಡಿಸಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದರ ಖರ್ಚು ಹೊರೆಯಲ್ಲ. ಈ ಭಾಗದ ಶಾಸಕರು ಬರುವ ಬಜೆಟ್ ಅಧಿವೇಶನದಲ್ಲಿ ಇದನ್ನು ಕೇಳಬೇಕು.